ಬಾವಿಗೆ ಮರಳಿದ ನೀರು

ದೀಪಾವಳಿಯ ಆ ಬೆಳಿಗ್ಗೆ ಎಚ್ಚರಾದಾಗ ನನ್ನ ಕಿವಿ ಹೋದವೆಂದೇ ಅನ್ನಿಸಿತು. ನಾಲ್ಕು ತಿಂಗಳಿಂದ ಹಗಲಿರುಳು ಬಡಿಯುತ್ತಿದ್ದ ವಿದ್ಯುತ್ ಮಗ್ಗಗಳು ಹಬ್ಬದ ಸೂಟಿಗೆಂದು ನಿಂತಿದ್ದವು. ಮರಾಠಿ ಸೀಮೆಯ ಈ ಇಚಲಕರಂಜಿ ಇಷ್ಟು ಮೌನವಾಗಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ನಮ್ಮ ಗುಳೇದಗುಡ್ಡದಲ್ಲಿ ಕೈಮಗ್ಗ ಮನೆಯೊಳಗೇ ಇರುತ್ತದೆ. ಹಬ್ಬಕ್ಕೆ ಅದು ನಿಂತರೂ ಒಲೆಯ ಮುಂದೆ ಹೆಂಡತಿಯ ಬಳೆಯ ಸದ್ದು, ಮಾತು ಇರುತ್ತಿದ್ದವು. ಆ ವರ್ಷ ಅವಳು ತೀರಿಕೊಂಡಳು. ಆ ಮನೆಯಲ್ಲಿ ಇರಲಾರದೆ, ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಕೆಲಸ ಹುಡುಕಿಕೊಂಡು ಇಲ್ಲಿಗೆ ಬಂದೆ. ಓಣಿಯವರಿಗೆ ನಾನು ಬರೀ ‘ಭಾಡೇಕರೂ’. ಮರಾಠಿಯಲ್ಲಿ ಹಾಗೆಂದರೆ ಬಾಡಿಗೆಯವನು. ಅಂದು ಗಂಟು ಕಟ್ಟಿಕೊಂಡು ಹೊಸ್ತಿಲ ಮೇಲೆ ಕುಳಿತಿದ್ದೆ, ಊರಿಗೆ, ಅಣ್ಣನ ಮನೆಗೆ ಹೊರಟುಬಿಡೋಣ, ಮತ್ತೆ ಬರುವುದೇ ಬೇಡ ಎಂದು.

ಮನೆಯ ಒಡತಿ ಚಂಪಕ್ಕ ಜೈನರ ಹಿರಿಯ ಹೆಣ್ಣುಮಗಳು. ಅವರ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಅಂಗಡಿಗೆ ಹೋದರೆ ಮರಾಠಿ, ಅಡುಗೆಮನೆಯಲ್ಲಿ ನಮ್ಮದೇ ಕನ್ನಡ. ಗಂಟನ್ನು ನೋಡಿಯೂ ನೋಡದವರಂತೆ, ಬಸದಿಯಲ್ಲಿ ಮೂರು ದಿನ ಬಡವರಿಗೆ ಊಟ ಹಾಕುತ್ತಾರೆ, ನೀರು ಸೇದಲು ಆಳು ಸಾಲದು, ಬಾ ಎಂದರು. ಮಠದ ದಾಸೋಹದಲ್ಲಿ ಕೈ ಹಚ್ಚಿ ಬೆಳೆದವನು ನಾನು. ಒಲ್ಲೆ ಎನ್ನಲು ಬಾಯಿ ಬರಲಿಲ್ಲ.

ಸೇದಿದ ನೀರನ್ನು ಎರಡು ಪದರದ ಬಟ್ಟೆಯಲ್ಲಿ ಸೋಸಿ ಹಂಡೆ ತುಂಬಬೇಕು. ನೇಕಾರನಿಗೆ ಬಟ್ಟೆಯ ಕೆಲಸ ಯಾರು ಹೇಳಿಕೊಡಬೇಕು? ಹಂಡೆ ತುಂಬಿದ್ದೇ ತಡ, ನೂಲು ಹಿಂಡುವ ರೂಢಿಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಂಡಿ, ಕಲ್ಲಿನ ಮೇಲೆ ಝಾಡಿಸಿದೆ. ಚಂಪಕ್ಕನ ಮುಖ ಬಿಳಿಚಿತು. ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಜೀವಗಳು ಉಳಿದಿರುತ್ತವಂತೆ, ಹಿಂಡಿದರೆ ಸಾಯುತ್ತವಂತೆ. ಅವರು ಬೈಯಲಿಲ್ಲ. ಬೈದಿದ್ದರೆ ಊರಿಗೆ ಹೊರಡುವುದು ಸುಲಭವಾಗುತ್ತಿತ್ತು.

“ಯಾವ ಬಾವ್ಯಾಗಿನ ಜೀವ ಆ ಬಾವಿಗೇ ಹೋಗಬೇಕಪಾ. ಬ್ಯಾರೆ ಕಡೆ ಅವು ಬದುಕಂಗಿಲ್ಲ,” ಎಂದರು.

ನನಗೆ ಅಳು ಒತ್ತರಿಸಿ ಬಂತು. “ಹಂಗಾರ ನಾನೂ ಹೊಳ್ಳಿ ಹೋಗೂದ ಚಲೋ ಅಲ್ರಿ, ಅಕ್ಕಾರ?” ಎಂದೆ.

ಚಂಪಕ್ಕ ಬಟ್ಟೆಯನ್ನು ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ಆ ನೀರನ್ನು ತಳಕ್ಕೂ ಹಗ್ಗ ಕಟ್ಟಿದ ತಂಬಿಗೆಯಲ್ಲಿ ಹಿಡಿದರು. ತಂಬಿಗೆಯನ್ನು ಬಾವಿಯ ನೀರು ಮುಟ್ಟುವ ತನಕ ಮೆಲ್ಲಗೆ ಇಳಿಸಿ, ತಳದ ಹಗ್ಗ ಎಳೆದು ಮಗುಚಿದರು. ಮೇಲಿಂದ ಸುರಿದರೆ ಜೀವಕ್ಕೆ ಪೆಟ್ಟಾಗುತ್ತದಂತೆ.

“ನಾಳಿಂದ ಇದನ್ನ ನೀನ ಮಾಡಬೇಕು, ಶಿವಪ್ಪಾ. ನನ್ನ ಕೈ ಭಾಳ ನಡಗತಾವ.”

ಆ ಊರಲ್ಲಿ ಒಬ್ಬರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಸಂಜೆ ಮನೆಗೆ ಬಂದು ಗಂಟು ಬಿಚ್ಚಿದೆ. ಮರುದಿನ ಬಸದಿಯ ಅಂಗಳದಲ್ಲಿ ಎಷ್ಟೋ ಹಸಿದವರ ಬೊಗಸೆಗೆ ನೀರು ಹಾಕಿದೆ. ಹೆಂಡತಿ ಹೋದ ಮೇಲೆ ಅಂದೇ ನನಗೆ ಹೊಟ್ಟೆತುಂಬ ಊಟ ಸೇರಿತು.

ಈಗ ವರ್ಷಗಳಾದವು. ದೀಪಾವಳಿಗೆ ನೀರಿನ ಕೆಲಸ ನನ್ನದೇ, ಸೋಸುವ ಬಟ್ಟೆಯೂ ನಾನು ನೇಯ್ದದ್ದೇ. ಇಲ್ಲಿಯವರಿಗೆ ನಾನು ಇನ್ನೂ ಗುಳೇದಗುಡ್ಡದವ. ಕಳೆದ ಬೇಸಿಗೆಯಲ್ಲಿ ಅಣ್ಣನ ಮನೆಗೆ ಹೋದಾಗ ಅಲ್ಲಿನ ಬಾವಿಯ ನೀರನ್ನೂ ಸೋಸಿ ಕುಡಿದೆ. ನೀ ಪೂರಾ ಇಚಲಕರಂಜಿಯವ ಆಗಿಬಿಟ್ಟೆ ಎಂದು ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಹೆಂಡತಿ ದಿನಾ ನೀರು ಸೇದುತ್ತಿದ್ದ ಬಾವಿ ಅದು. ಬಟ್ಟೆ ತೊಳೆದ ನೀರಿನ ತಂಬಿಗೆಯನ್ನು ಮೆಲ್ಲಗೆ ಇಳಿಸಿ ಮಗುಚಿದೆ, ಹಗ್ಗ ಹಿಡಿದು ಬಹಳ ಹೊತ್ತು ನಿಂತೆ. ಅಲ್ಲಿನ ಜೀವ ಅಲ್ಲಿಗೇ ಮರಳಿತು. ನಾನು ಮಾತ್ರ ಮರುದಿನ ಇಚಲಕರಂಜಿಗೆ ಹೊರಟೆ.