ಮುಟ್ಟದೆ ತೆಗೆದ ಅಳತೆ

ಲಾಕ್‌ಡೌನ್ ಮುಗಿದು ಅಂಗಡಿ ತೆರೆದ ದಿನದಿಂದ ಟೈಲರ್‌ಗೆ ಗಿರಾಕಿಗಳ ಮುಖ ಕಂಡರೆ ಮೈ ಉರಿಯುತ್ತಿತ್ತು. ಟೇಪು ಹಿಡಿದೇ ತಲೆ ನರೆತ ಮನುಷ್ಯನನ್ನು ಎಲ್ಲರೂ ರೋಗದ ಮೂಟೆಯಂತೆ ನೋಡುವವರೇ. ಅವರಲ್ಲೆಲ್ಲ ದೊಡ್ಡ ಮಹಾಶಯ ಎದುರಿನ ಔಷಧಿ ಅಂಗಡಿಯ ಸಾಹುಕಾರ. ಊರಿಗೆಲ್ಲ ಮಾಸ್ಕ್ ಮಾರುವ ಅವನ ಮಾಸ್ಕು ಮಾತ್ರ ಗದ್ದಕ್ಕೆ ಜೋಲಿ ಕಟ್ಟಿದಂತೆ ನೇತಾಡುತ್ತಿತ್ತು. ಒಂದು ದಿನ ಟೈಲರ್ ಅಂಗಡಿಗೆ ಬಂದವನೇ ಪ್ಯಾಂಟಿನ ಬಟ್ಟೆಯನ್ನು ಮೇಜಿನ ಮೇಲೆ ಎಸೆದು, ಬಾಗಿಲಿಗೆ ಓಡಿ ನಿಂತ.

"ಅಲ್ಲೇ ಇರಪ್ಪಾ, ಮುಟ್ಬೇಡ. ಸೊಂಟ ಮೂವತ್ತೆರಡು, ಬರ್ಕೋ."

ಮೂವತ್ತೆರಡು ಅವನ ಮದುವೆಯ ಕಾಲದ ಸೊಂಟ. ಈಗ ಹೊಟ್ಟೆ ಅವನಿಗಿಂತ ಮೊದಲೇ ಬಾಗಿಲು ದಾಟುತ್ತಿತ್ತು. ಟೈಲರ್ ಅದನ್ನೇ ಬರೆದುಕೊಂಡು ಮೂವತ್ತೆರಡಕ್ಕೇ ಹೊಲಿದು ಕೊಟ್ಟ.

ಗುಂಡಿ ಹಾಕಲಾಗದ ಪ್ಯಾಂಟು ಹಿಡಿದು ಸಾಹುಕಾರ ಮರುದಿನವೇ ಒಳಗೆ ನುಗ್ಗಿದ. "ಕಣ್ ಕಾಣ್ಸಲ್ವೇನೋ ನಿಂಗೆ? ಬಟ್ಟೆ ಹಾಳ್ಮಾಡಿಟ್ಟಿದ್ಯಲ್ಲೋ!" ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ಅರಚಿದ. ಎಂಜಲು ಟೈಲರ್‌ನ ಕನ್ನಡಕದ ಮೇಲೆ ಸಿಡಿಯಿತು.

"ಬಾಗ್ಲಲ್ಲೇ ನಿಂತು ಬೈದಿದ್ರೂ ಕೇಳ್ಸ್ತಿತ್ತು ಸಾರ್. ಅಳತೆ ಅಲ್ಲಿಂದ್ಲೇ ಸರಿಯಾಗಿ ಕೇಳಿಸ್ತಲ್ಲ."

ಟೈಲರ್ ಕನ್ನಡಕ ತೆಗೆದು, ಸಾಹುಕಾರನ ಕೈಯಲ್ಲಿದ್ದ ಹೊಸ ಪ್ಯಾಂಟನ್ನು ತೆಗೆದುಕೊಂಡು ಅದರ ಕಾಲಿನಿಂದಲೇ ನಿಧಾನವಾಗಿ ಒರೆಸಿಕೊಂಡ. ಆಮೇಲೆ ಪ್ಯಾಂಟನ್ನು ನೀಟಾಗಿ ಮಡಿಸಿ ಅವನ ಕೈಗಿಟ್ಟ.