ವ್ಯಾನಿನಲ್ಲಿ ಯಾವ ಪುಸ್ತಕ ಓದುವುದು

ವಿಮಾನ ನಿಲ್ದಾಣದ ಹತ್ತಿರದ ಹೋಟೆಲೊಂದರಲ್ಲಿ ನಾನೂ ನನ್ನ ಗೆಳತಿಯೂ ಬಟ್ಟೆ ಒಗೆಯುವ ಕೆಲಸಕ್ಕಿದ್ದೆವು. ಆವತಿ ಊರಿನಿಂದ ಹೋಟೆಲಿನ ವ್ಯಾನು ಹತ್ತುವ ಹೆಂಗಸರಿಗೆ ದಾರಿಯುದ್ದಕ್ಕೂ ಕಾದಂಬರಿ ಓದಿ ಹೇಳುವುದು ನನ್ನ ಪಾಲಿಗೆ ಬಂದಿತ್ತು.

ಗೆಳತಿಯ ಮದುವೆಯ ಮಾತು ಎದ್ದಾಗ ನನ್ನ ಚೀಲದಲ್ಲಿ ಎರಡು ಪುಸ್ತಕಗಳಿದ್ದವು. ಒಂದು, ಬೇಕರಿ ನಡೆಸುವ ಹುಡುಗಿಯ ಪ್ರೇಮಕಥೆ. ಅದರಲ್ಲಿ ಯಾರೂ ಯಾರನ್ನೂ ಗದರುವುದಿಲ್ಲ. ಇನ್ನೊಂದರಲ್ಲಿ ಮೂವರು ಗೆಳತಿಯರು. ಒಬ್ಬಳನ್ನು ಮನೆಯಲ್ಲಿ ಕೂಡಿಹಾಕಿದರೆ ಉಳಿದವರು ತಮ್ಮ ನೆರಳನ್ನು ಬಾಗಿಲ ಸಂದಿಯಿಂದ ಒಳಗೆ ಸರಿಸುತ್ತಾರೆ. ಅವಳು ಅದನ್ನು ಹೊದ್ದುಕೊಂಡು ಹೊರಗೆ ಬರುತ್ತಾಳೆ.

"ನೆರಳಿಂದೇ ಓದೇ," ಎಂದಳು ಗೆಳತಿ. "ಬೇಕರಿಯೋಳ್ಗೆ ಏನ್ ಕಷ್ಟ? ಬನ್ ಉಬ್ಲಿಲ್ಲ ಅಂತ ಅಳ್ತಾಳೆ."

ಹುಡುಗನ ಕಡೆಯವರು ಮದುವೆಯಾದ ಮೇಲೆ ಕೆಲಸ ಬಿಡಬೇಕು ಎಂದಿದ್ದರು. ಅವಳಿಗೆ ಈ ಸಂಬಂಧವೇ ಬೇಡವಾಗಿತ್ತು. ಆದರೆ ಅವಳ ಮನೆಯಲ್ಲಿ ಊರಮ್ಮನ ಹೂ ಕೇಳದೆ ಯಾವ ಮದುವೆಯೂ ನಿಶ್ಚಯವಾಗುವುದಿಲ್ಲ. ದೇವಿಯ ಮೈಮೇಲೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಆಗಲಿ ಎಂದು, ಎಡಕ್ಕೆ ಬಿದ್ದರೆ ಬೇಡ ಎಂದು. "ಎಡಕ್ಕೆ ಬಿದ್ರೆ ನಮ್ ದೊಡ್ಡಪ್ಪ ತುಟಿ ಬಿಚ್ಚಲ್ಲ ಕಣೇ," ಎಂದು ಅವಳು ನಂಬಿದ್ದಳು. ನನ್ನನ್ನೂ ಗುಡಿಗೆ ಕರೆದುಕೊಂಡು ಹೋದಳು.

ಹೂ ಎಡಕ್ಕೇ ಬಿತ್ತು. ಅವಳು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

"ಹೂ ಒದ್ದೆ ಜಾಸ್ತಿ ಆಗೈತೆ ಪೂಜಾರಪ್ಪ, ಇನ್ನೊಂದ್ಸಲ ಇಡು," ಎಂದರು ದೊಡ್ಡಪ್ಪ.

ಎರಡನೆಯದೂ ಎಡಕ್ಕೆ ಬಿತ್ತು.

"ಆ ಫ್ಯಾನ್ ಆರ್ಸ್ರಲಾ. ಗಾಳಿಗೆ ಬೀಳ್ತಾ ಐತೆ."

ಮೂರನೆಯದನ್ನು ಪೂಜಾರಿ ದೇವಿಯ ಬಲ ಭುಜದ ತುದಿಯಲ್ಲಿಟ್ಟರು. ಅದು ಬಲಕ್ಕೆ ಬಿತ್ತು. ಎಲ್ಲರೂ ಕೈ ಮುಗಿದರು. ದೊಡ್ಡಪ್ಪ ಅವಳ ತಲೆ ಸವರಿ, "ನೋಡ್ದಾ, ಅಮ್ಮ ಒಪ್ಪವ್ಳೆ," ಎಂದರು.

"ಮೂರ್ ಸಲ ಕೇಳಿದ್ರಲ್ಲ," ಎಂದೆ ನಾನು.

"ನಿನ್ ಮದ್ವೆಗೆ ನೀನ್ ಒಂದೇ ಸಲ ಕೇಳ್ಕೊಳ್ಳವ್ವ," ಎಂದರು ದೊಡ್ಡಪ್ಪ.

ಅಲ್ಲಿದ್ದವರೆಲ್ಲ ನಕ್ಕರು. ಆ ನಗು ನೆನಪಾದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಮರುದಿನ ವ್ಯಾನಿನಲ್ಲಿ ನಾನು ನೆರಳಿನ ಪುಸ್ತಕ ತೆರೆದೆ. ಅವಳು ಅದನ್ನು ಮುಚ್ಚಿದಳು.

"ಬೇಕರಿಯೋಳ್ದು ಓದು."

"ಯಾಕೇ?"

"ಇದನ್ ಕೇಳ್ಕೊಂಡು ಆ ಮನೇಲಿ ಹೆಂಗೇ ಇರ್ಲಿ? ಬಾಗ್ಲು ಸಂದೀನೇ ನೋಡ್ಕೊಂಡು ಕೂತಿರ್ತೀನಿ ಅಷ್ಟೆ."

ಪ್ರೇಮಕಥೆ ಓದತೊಡಗಿದೆ. ಒಂದೊಂದು ವಾಕ್ಯವನ್ನೂ ಹಲ್ಲು ಕಚ್ಚಿಕೊಂಡೇ ಹೊರಗೆ ಬಿಡುತ್ತಿದ್ದೆ. ಹಿಂದಿನ ಸೀಟಿನವಳು ಕೂಗಿದಳು: "ಅಲ್ಲಾ ಕಣೇ, ಅವ್ರಿಬ್ರೂ ಮುದ್ದಾಡ್ತಾವ್ರೆ, ನೀನ್ಯಾಕೆ ಜಗಳಕ್ಕೆ ನಿಂತಂಗೆ ಓದ್ತೀಯ?"

ವ್ಯಾನೆಲ್ಲ ನಕ್ಕಿತು. ಗೆಳತಿ ನಗಲಿಲ್ಲ. ಕಣ್ಣು ಮುಚ್ಚಿಕೊಂಡೇ, "ಹಂಗೇ ಓದ್ಲಿ ಬಿಡ್ರೇ," ಎಂದಳು.