ರೂಪಾಯಿಯೋ, ರಿಂಗಿಟ್ಟೋ

ಅಕ್ಕ ತೀರಿಕೊಂಡು ಎರಡು ತಿಂಗಳೂ ಕಳೆದಿರಲಿಲ್ಲ. ಚನ್ನರಾಯಪಟ್ಟಣದಿಂದ ಭಾವ ಫೋನ್ ಮಾಡಿದರು.

"ಲೇ, ಆ ಹಡಗಿನ ಟಿಕೆಟ್ಟು ಸುಮ್ಕೆ ಓಯ್ತದೆ ಕಣ್ಲಾ. ದುಡ್ಡು ವಾಪಸ್ ಕೊಡಾಕಿಲ್ವಂತೆ, ಎಸ್ರು ಬೇಕಾದ್ರೆ ಬದ್ಲಾಯಿಸ್ತಾರಂತೆ. ನೀನಾದ್ರೂ ಬಾ."

ಅವರ ಜೊತೆಯ ಕೊಬ್ಬರಿ ವ್ಯಾಪಾರಿಗಳೆಲ್ಲ ಸೇರಿ ಹೆಂಡತಿಯರನ್ನು ಕರೆದುಕೊಂಡು ಸಿಂಗಪುರದಿಂದ ನಾಲ್ಕು ದಿನದ ಹಡಗು ಪ್ರವಾಸಕ್ಕೆ ಹೊರಟಿದ್ದರು. ಪಾಸ್‌ಪೋರ್ಟ್ ಕೆಲಸಕ್ಕೆಂದು ಹಾಸನಕ್ಕೆ ಬಂದಿದ್ದ ಅಕ್ಕ ನಮ್ಮ ಮನೆಯಲ್ಲೇ ಉಂಡು ಹೋಗಿದ್ದಳು. ಅದಾದ ಮೇಲೆ ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ಕುಸಿದಳು. ಹಾಸನದ ಆಸ್ಪತ್ರೆ ಮುಟ್ಟುವ ಮುಂಚೆ, ಶಾಂತಿಗ್ರಾಮ ದಾಟುವಾಗ, ಉಸಿರು ನಿಂತಿತಂತೆ. ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತಿದ್ದವರು ಭಾವ ಒಬ್ಬರೇ. ಆ ಹತ್ತು ಹದಿನೈದು ಮೈಲಿಯ ವಿಷಯ ಅವರು ಯಾರಿಗೂ ಹೇಳಿಲ್ಲ, ನಾನೂ ಕೇಳಿರಲಿಲ್ಲ.

ಬರುತ್ತೇನೆ ಎಂದೆ.

ನಾನು ಅರಕಲಗೂಡಿನ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ದುಃಖವಾದರೆ ನನಗೆ ಅಳು ಬರುವುದಿಲ್ಲ, ಮಾಡಲು ಏನಾದರೂ ಕೆಲಸ ಬೇಕು ಅನ್ನಿಸುತ್ತದೆ. ಆಗ ಸಿಕ್ಕ ಕೆಲಸ ಕ್ರೆಡಿಟ್ ಕಾರ್ಡಿನದು. ಹೊರದೇಶದಲ್ಲಿ ಕಾರ್ಡು ಉಜ್ಜಿದರೆ ನೂರಕ್ಕೆ ಮೂರೂವರೆ ರೂಪಾಯಿಯಷ್ಟು ಬ್ಯಾಂಕು ಹಿಡಿದುಕೊಳ್ಳುತ್ತದೆ ಎಂದು ನನ್ನ ಹಳೆಯ ಶಿಷ್ಯನೊಬ್ಬ ಹೇಳಿದ. ಅವನು ಬ್ಯಾಂಕಿನಲ್ಲಿದ್ದಾನೆ. ಈ ಶುಲ್ಕವಿಲ್ಲದ ಕಾರ್ಡೂ ಉಂಟು ಎಂದು ಅದನ್ನೇ ಮಾಡಿಸಿಕೊಟ್ಟ. "ಸಾ, ಇನ್ನೊಂದು ನೆನಪಿಟ್ಕೊಳಿ. ಮೆಷಿನ್ನು ರೂಪಾಯಲ್ಲಿ ಕಟ್ತೀರಾ ಅಂತ ಕೇಳ್ತದೆ. ಊಂ ಅನ್ಬೇಡಿ. ಅವ್ರದೇ ರೇಟ್ ಹಾಕಿ ಜಾಸ್ತಿ ತಗೋತಾರೆ. ಆ ದೇಶದ ದುಡ್ಡೇ ಒತ್ತಿ." ನಾನು ಇದನ್ನೆಲ್ಲ ಪರೀಕ್ಷೆಗೆ ಕೂರುವವನ ಹಾಗೆ ಓದಿಕೊಂಡೆ. ಓದುವಷ್ಟು ಹೊತ್ತು ಅಕ್ಕನ ನೆನಪು ಬರುತ್ತಿರಲಿಲ್ಲ.

ಹಡಗಿನ ಕೋಣೆ ಗಂಡಹೆಂಡತಿಗೆಂದು ಹಿಡಿದದ್ದು. ಒಳಗೆ ಹೋದರೆ ಒಂದೇ ದೊಡ್ಡ ಮಂಚ, ಅದರ ಮೇಲೆ ಟವೆಲಿನಲ್ಲಿ ಮಾಡಿಟ್ಟ ಎರಡು ಹಂಸ. ಭಾವ ಅವನ್ನು ನೋಡಿ, ಬಿಡಿಸಿ ಮಡಚಿ ಕುರ್ಚಿಯ ಮೇಲಿಟ್ಟರು. ನಾನು ಕೆಳಗಿನ ಕೌಂಟರಿಗೆ ಹೋದೆ. ಮಂಚ ಬೇರೆ ಮಾಡಿಸುವುದಕ್ಕಲ್ಲ, ನಮ್ಮ ಬಿಲ್ಲನ್ನು ಸಿಂಗಪುರ ಡಾಲರಿನಲ್ಲೇ ಹಾಕಿ, ರೂಪಾಯಿಗೆ ಬದಲಾಯಿಸಬೇಡಿ ಎಂದು ಹೇಳುವುದಕ್ಕೆ. ವಾಪಸು ಬಂದು ಕೆಲಸ ಆಯಿತು ಎಂದಾಗ ಭಾವ ನನ್ನ ಮುಖ ನೋಡಿದರು.

"ಸಮುದ್ರ ನೋಡಕ್ ಬಂದ್ಯೋ, ಬಿಲ್ ನೋಡಕ್ ಬಂದ್ಯೋ?"

ಮಾರನೆಯ ದಿನ ಬೆಳಿಗ್ಗೆ ಹಡಗಿನ ಮೇಲಿನ ಡೆಕ್ಕಿನಲ್ಲಿ ಕಟಕಟೆ ಹಿಡಿದು ನಿಂತಿದ್ದೆವು. ಉಳಿದ ಜೋಡಿಗಳು ಫೋಟೊ ತೆಗೆಸಿಕೊಳ್ಳುತ್ತಿದ್ದವು. ನಮ್ಮ ಹತ್ತಿರ ಬಂದಾಗ ಮಾತ್ರ ಅವರ ನಗು ತಗ್ಗುತ್ತಿತ್ತು.

"ನಿಮ್ಮಕ್ಕ ಇದ್ದಿದ್ರೆ ವಾಂತಿ ಮಾಡ್ಕಂಡು ಮನೀಕತಿದ್ಲು ಕಣ್ಲಾ" ಎಂದರು ಭಾವ. "ಒಳೆನರಸೀಪುರಕ್ಕೆ ಬಸ್ನಲ್ಲಿ ಓದ್ರೇ ಆಗ್ತಿರ್ನಿಲ್ಲ ಅವ್ಳಿಗೆ. ಆ ಆಂಬುಲೆನ್ಸ್ನಲ್ಲೂ..."

ಅಲ್ಲಿಗೆ ನಿಲ್ಲಿಸಿದರು. ನಾನು ಏನಾದರೂ ಹೇಳುತ್ತೇನೆಂದು ಕಾದರು. ಕೊನೆಗೆ ನಾನು ಕೇಳಿದ್ದು ಇದು: "ಕಾಫಿ ದುಡ್ಡು ರೂಮಿನ ಲೆಕ್ಕಕ್ಕೇ ಹಾಕ್ಸಿದ್ರಿ ತಾನೆ?" ಅವರು ಊಂ ಎಂದು ನೀರಿನ ಕಡೆ ತಿರುಗಿದರು.

ಹಡಗು ಪೆನಾಂಗಿನಲ್ಲಿ ನಿಂತಾಗ ಊರೊಳಗೆ ಇಳಿದೆವು. ಭಾವ ಒಂದು ಚಪ್ಪಲಿ ಅಂಗಡಿಯ ಮುಂದೆ ನಿಂತುಬಿಟ್ಟರು. ಅಕ್ಕನದು ಅಗಲ ಪಾದ, ಒಡೆದ ಹಿಮ್ಮಡಿ. ಚನ್ನರಾಯಪಟ್ಟಣದ ಯಾವ ಅಂಗಡಿಯ ಚಪ್ಪಲಿಯೂ ಅವಳಿಗೆ ಸರಿಹೋಗುತ್ತಿರಲಿಲ್ಲ. ಮದುವೆಮನೆಗಳಲ್ಲಿ ಕುಂಟುತ್ತಲೇ ಓಡಾಡುತ್ತಿದ್ದಳು. ಭಾವ ಒಳಗೆ ಹೋಗಿ ಮೆತ್ತನೆಯ, ಅಗಲವಾದ ಒಂದು ಜೋಡಿ ಎತ್ತಿಕೊಂಡು, ಗೇಣು ಹಾಕಿ, ಗೇಣಿನ ಆಚೆಗೆ ಎರಡು ಬೆರಳು ಇಟ್ಟು ಅಳೆದರು. ಸರಿಯಾಗಿತ್ತು. ಮುಖ ಒಂದಿಷ್ಟು ತಿಳಿಯಾಯಿತು. ಊರು ಬಿಟ್ಟ ಮೇಲೆ ಅವರ ಮುಖ ಹಾಗೆ ಆದದ್ದು ಅದೇ ಮೊದಲು.

ಗಲ್ಲಾಪೆಟ್ಟಿಗೆಯ ಹುಡುಗಿ ಅವರ ಕಾರ್ಡು ಹಾಕಿ ಮೆಷಿನ್ನನ್ನು ನಮ್ಮ ಕಡೆ ತಿರುಗಿಸಿದಳು. ರೂಪಾಯಿಯೋ, ಆ ದೇಶದ ರಿಂಗಿಟ್ಟೋ? ಭಾವ ರೂಪಾಯಿಯ ಮೇಲೆ ಬೆರಳು ತಂದರು. ನಾನು ಅವರ ಕೈಯನ್ನೇ ಹಿಡಿದುಬಿಟ್ಟೆ.

"ಬೇಡ ಭಾವ! ನಿಮ್ಮ ಕಾರ್ಡೇ ಬೇಡ. ನಂದು ಕೊಡ್ತೀನಿ."

"ಬಿಡು, ಎಷ್ಟಾದ್ರೂ ಆಗ್ಲಿ."

"ಎಷ್ಟಾದ್ರೂ ಅಂದ್ರೆ? ಹಾಕ್ಕೊಳ್ಳೋರೇ ಇಲ್ಲದ ಚಪ್ಪಲಿಗೆ ಮೇಲೆ ಚಾರ್ಜು ಬೇರೆ ಕಟ್ಟಬೇಕಾ?"

ಮಾತು ಬಾಯಿಂದ ಬಿದ್ದಾಗಲೇ ಗೊತ್ತಾಯಿತು. ಭಾವ ಕಾರ್ಡು ತೆಗೆದುಕೊಂಡು ಜೇಬಿಗಿಟ್ಟರು. ಚಪ್ಪಲಿಯನ್ನು ಎರಡೂ ಕೈಯಲ್ಲಿ ಹಿಡಿದು, ತೆಗೆದುಕೊಂಡ ಜಾಗದಲ್ಲೇ ಜೋಡಿಸಿಟ್ಟು ಹೊರಗೆ ನಡೆದರು. ಆ ಹುಡುಗಿಗೆ ನಮ್ಮ ಭಾಷೆ ತಿಳಿಯದು. ಆದರೂ ಅವಳು ನನ್ನನ್ನು ನೋಡಿದ ರೀತಿ ನನಗೆ ತಿಳಿಯಿತು.

ನಾನು ಆ ಜೋಡಿಯನ್ನು ಕೊಂಡುಕೊಂಡೆ. ನನ್ನ ಕಾರ್ಡು, ರಿಂಗಿಟ್ಟು, ಒಂದು ಪೈಸೆ ಹೆಚ್ಚಿಲ್ಲ. ಕೋಣೆಗೆ ಬಂದು ಡಬ್ಬಿಯನ್ನು ಭಾವನ ಪಕ್ಕದಲ್ಲಿಟ್ಟು, "ತಪ್ಪಾಯ್ತು, ತಗೊಳಿ" ಎಂದೆ.

ಅವರು ಡಬ್ಬಿ ಮುಟ್ಟಲಿಲ್ಲ. ಸಿಟ್ಟೂ ಮಾಡಲಿಲ್ಲ. "ನಾನು ಅವ್ಳಿಗೆ ಅಂತ ತಗೊಳಕ್ ಓಗಿದ್ದೆ. ನೀನು ಚಾರ್ಜ್ ಉಳ್ಸಕ್ಕೆ ತಗಂಡೆ. ಇದು ನಿಂದು, ನೀನೇ ಮಡೀಕೊ" ಎಂದರು.

ಉಳಿದ ಎರಡು ದಿನ ಅವರು ಊಟಕ್ಕಲ್ಲದೆ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಮಂಚದ ಅಂಚಿನಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದರು. ಮಾತನಾಡಿಸಿದರೆ ಮಾತನಾಡುತ್ತಿದ್ದರು, ಅಷ್ಟೆ. ಅವತ್ತೇ ಅವರ ಪಕ್ಕ ಕೂತು, ಆಂಬುಲೆನ್ಸಿನಲ್ಲಿ ಏನಾಯಿತು ಭಾವ ಎಂದು ಕೇಳಬಹುದಿತ್ತು. ನನ್ನಿಂದ ಆಗಲಿಲ್ಲ.

ತಿಂಗಳ ಮೇಲೆ ಕಾರ್ಡಿನ ಬಿಲ್ಲು ಬಂತು. ಶುಲ್ಕದ ಕಾಲಮ್ಮಿನಲ್ಲಿ ಸೊನ್ನೆ. ಶಿಷ್ಯ ಫೋನ್ ಮಾಡಿ, "ಎಂಗೆ ಸಾ, ಉಳೀತಲ್ಲ?" ಎಂದು ಖುಷಿಯಿಂದ ಕೇಳಿದ. ಉಳಿಯಿತಪ್ಪ ಎಂದೆ. ಚಪ್ಪಲಿ ನನ್ನ ಹೆಂಡತಿಗೆ ದೊಡ್ಡದಾಯಿತು. ಯಾರಿಗೆ ತಂದದ್ದೆಂದು ತಿಳಿದ ಮೇಲೆ ಅವಳು ಕಾಲು ಹಿಂದಕ್ಕೆ ತೆಗೆದು, ಡಬ್ಬಿ ಮುಚ್ಚಿ ಅಟ್ಟಕ್ಕೆ ಹಾಕಿದಳು.

ವರ್ಷದ ತಿಥಿಗೆ ಭಾವ ಕರೆದರು, ಹೋದೆ. ಪಂಕ್ತಿಯಲ್ಲಿ ತಾವೇ ನಿಂತು ನನಗೆ ಪಾಯಸ ಬಡಿಸಿದರು. ಮಂಡಿನೋವು ಎಂಗದೆ ಎಂದು ವಿಚಾರಿಸಿದರು. ಮೊದಲಾಗಿದ್ದರೆ ಲೇ ಎನ್ನುತ್ತಿದ್ದರು. ಅವತ್ತು ಎಲ್ಲರ ಎದುರಿಗೂ "ಮೇಷ್ಟ್ರೇ, ಇನ್ನೊಸಿ ಆಕಿಸ್ಕಳಿ" ಎಂದರು. ನಾನು ಹಾಕಿಸಿಕೊಂಡು, ತಲೆ ತಗ್ಗಿಸಿ ಉಂಡು, ಮೂರು ಗಂಟೆಯ ಬಸ್ಸಿಗೆ ಹಾಸನಕ್ಕೆ ಹೊರಟೆ.